ಒಂದೇ ಸೀಸೆಯಲ್ಲಿ ಎರಡು ಔಷಧ: ಜೋಕಿಚಿ ತಕಾಮಿನೆ

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿ ನಮಗೆ ಹಾರ್ಮೋನುಗಳ ಪಾಠ ಇತ್ತು. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕುಳಿತಿರುವ ಅಡ್ರಿನಲ್ ಗ್ರಂಥಿ, ಅದರ ಒಳಭಾಗದಿಂದ ಬರುವ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್, ಹೆದರಿದಾಗ ಎದೆ ಹೊಡೆದುಕೊಳ್ಳುವುದು, ಕಣ್ಣಿನ ಪಾಪೆ ಅಗಲವಾಗುವುದು. ಇಷ್ಟನ್ನು ಬಾಯಿಪಾಠ ಮಾಡಿ ಬರೆದು ಅಂಕ ತೆಗೆದುಕೊಂಡೆ. ಆಮೇಲೆ ಮರೆತುಬಿಟ್ಟೆ.

ಎರಡು ತಿಂಗಳ ನಂತರ ಅದೇ ಹೆಸರನ್ನು ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಮತ್ತೆ ಓದಿದೆ. ನನ್ನ ಉಪ್ಪನ ಹಾಸಿಗೆಯ ಪಕ್ಕದಲ್ಲಿದ್ದ ಸಿರಿಂಜ್ ಪಂಪಿನ ಮೇಲೆ ಒಂದು ಬಿಳಿ ಚೀಟಿ ಅಂಟಿಸಿದ್ದರು. ಅದರಲ್ಲಿ ನಾರ್‌ಅಡ್ರಿನಲಿನ್ ಎಂದು ಪೆನ್ನಿನಲ್ಲಿ ಬರೆದಿತ್ತು. ಅದರ ಕೆಳಗಿನ ಪಂಪಿನ ಮೇಲೆ ಡೊಬುಟಮಿನ್ ಎಂದಿತ್ತು.

ಅಂದು ಬೆಳಿಗ್ಗೆ ಸುಬಹಿ ನಮಾಝ್ ಮುಗಿಸಿ ಮನೆಗೆ ಬಂದ ಉಪ್ಪ ಎದೆ ಉರಿಯುತ್ತಿದೆ ಎಂದರು. ಗ್ಯಾಸ್ಟ್ರಿಕ್ ಇರಬೇಕು ಎಂದು ನಾವೆಲ್ಲ ತೀರ್ಮಾನಿಸಿದೆವು. ಉಮ್ಮ ಶುಂಠಿ ಕಷಾಯ ಮಾಡಿಕೊಟ್ಟರು. ನಾನು ಅಂಗಡಿಗೆ ಓಡಿ ಸೋಡಾ ತಂದೆ. ಹತ್ತು ಗಂಟೆಯ ಹೊತ್ತಿಗೆ ಅವರು ಮೈಯೆಲ್ಲ ಬೆವರಿ ಕುರ್ಚಿಯಲ್ಲೇ ಕುಸಿದರು. ಅಷ್ಟರಲ್ಲಿ ಐದು ಗಂಟೆ ಹೋಗಿತ್ತು. ಆ ಐದು ಗಂಟೆಯನ್ನು ನಾವೇ ಕಳೆದದ್ದು, ಬೇರೆ ಯಾರೂ ಅಲ್ಲ.

ಡಾಕ್ಟರು ನಮ್ಮ ಮಾಮನನ್ನೂ ನನ್ನನ್ನೂ ಹೊರಗೆ ಕರೆದು ವಿಷಯ ತಿಳಿಸಿದರು. ಹೃದಯಕ್ಕೆ ರಕ್ತ ಕೊಡುವ ದೊಡ್ಡ ನಾಳ ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿ ಅದನ್ನು ತೆರೆದಿದ್ದರು. ಆದರೆ ಅಷ್ಟರಲ್ಲಿ ಹೃದಯದ ಸ್ನಾಯುವಿನ ದೊಡ್ಡ ಭಾಗ ಸೋತಿತ್ತು. ಈ ಸ್ಥಿತಿಗೆ ಕಾರ್ಡಿಯೋಜೆನಿಕ್ ಶಾಕ್ ಎನ್ನುತ್ತಾರೆ ಎಂದರು. ಶಾಕ್ ಎಂದರೆ ಕರೆಂಟ್ ಹೊಡೆಯುವುದು ಅಥವಾ ಮನಸ್ಸಿಗೆ ಆಘಾತವಾಗುವುದು ಎಂದಷ್ಟೇ ನಾನು ತಿಳಿದಿದ್ದೆ. ವೈದ್ಯರ ಭಾಷೆಯಲ್ಲಿ ಅದರ ಅರ್ಥ ಬೇರೆ. ದೇಹದ ಅಂಗಗಳಿಗೆ ಬೇಕಾದಷ್ಟು ರಕ್ತ ತಲುಪದೆ ಅವು ಉಸಿರುಗಟ್ಟುವ ಸ್ಥಿತಿಗೆ ಶಾಕ್ ಎಂದು ಹೆಸರು. ತಪ್ಪು ಹೃದಯದ ಪಂಪಿನಲ್ಲೇ ಇದ್ದರೆ ಅದು ಕಾರ್ಡಿಯೋಜೆನಿಕ್ ಶಾಕ್. ರಕ್ತದೊತ್ತಡದ ಮೇಲಿನ ಸಂಖ್ಯೆ 90ಕ್ಕಿಂತ ಕೆಳಗಿಳಿಯುತ್ತದೆ, ಕೈಕಾಲು ತಣ್ಣಗಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಮಾತು ತಡವರಿಸುತ್ತದೆ. ಉಪ್ಪನಿಗೆ ಇವೆಲ್ಲ ಇದ್ದವು.

ಐಸಿಯುವಿನ ಹೊರಗೆ ಕುಳಿತು ನಾನು ಯೋಚಿಸುತ್ತಿದ್ದೆ. ನಮ್ಮ ದೇಹದೊಳಗೇ ಹುಟ್ಟುವ ವಸ್ತುವನ್ನು ಹೊರಗೆ ಸೀಸೆಗೆ ತಂದವರು ಯಾರು? ಆ ಪ್ರಶ್ನೆ ನನ್ನನ್ನು ಒಬ್ಬ ಜಪಾನಿ ರಸಾಯನಶಾಸ್ತ್ರಜ್ಞರ ಜೀವನದ ಕಡೆಗೆ ಕರೆದೊಯ್ದಿತು. ಅವರ ಹೆಸರು ಜೋಕಿಚಿ ತಕಾಮಿನೆ. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ವೈದ್ಯರ ಮಗ

ತಕಾಮಿನೆ ಹುಟ್ಟಿದ್ದು 1854ರ ನವೆಂಬರ್ 3ರಂದು, ಜಪಾನಿನ ತಕಾವೊಕಾ ಎಂಬ ಊರಿನಲ್ಲಿ. ಮಗುವಾಗಿದ್ದಾಗಲೇ ಕುಟುಂಬ ಕನಜಾವಾ ನಗರಕ್ಕೆ ಬಂದು ನೆಲೆಸಿತು. ತಂದೆ ಅಲ್ಲಿನ ಪಾಳೆಯಗಾರರ ಆಶ್ರಯದಲ್ಲಿದ್ದ ವೈದ್ಯರು. ಡಚ್ಚರ ಮೂಲಕ ಜಪಾನಿಗೆ ಬರುತ್ತಿದ್ದ ಪಾಶ್ಚಾತ್ಯ ವಿದ್ಯೆಯಲ್ಲಿ, ಅದರಲ್ಲೂ ರಸಾಯನಶಾಸ್ತ್ರದಲ್ಲಿ ಅವರಿಗೆ ಆಸಕ್ತಿ. ತಾಯಿಯ ತವರಿನವರು ಅಕ್ಕಿಯನ್ನು ಹುಳಿಸಿ ಸಾಕೆ ಎಂಬ ಮದ್ಯ ತಯಾರಿಸುತ್ತಿದ್ದರು. ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಒಂದು ಬಗೆಯ ಬೂಷ್ಟನ್ನು ಬೆಳೆಸಿದರೆ ಅದು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಹುಡುಗ ತಕಾಮಿನೆ ಇದನ್ನು ಚಿಕ್ಕಂದಿನಲ್ಲೇ ಕಂಡಿದ್ದರು. ಒಂದು ಕಡೆ ಔಷಧ, ಇನ್ನೊಂದು ಕಡೆ ಬೂಷ್ಟು. ಅವರ ಬದುಕು ಕೊನೆಯವರೆಗೂ ಈ ಎರಡರ ನಡುವೆಯೇ ನಡೆಯಿತು.

ಆಗ ಜಪಾನ್ ನೂರಾರು ವರ್ಷ ಮುಚ್ಚಿಟ್ಟಿದ್ದ ತನ್ನ ಬಾಗಿಲನ್ನು ಹೊರಜಗತ್ತಿಗೆ ತೆರೆಯುತ್ತಿದ್ದ ಕಾಲ. ಇನ್ನೂ ಹನ್ನೆರಡರ ಆಸುಪಾಸಿನಲ್ಲೇ ಹುಡುಗನನ್ನು ಇಂಗ್ಲಿಷ್ ಕಲಿಯಲು ದೂರದ ನಾಗಸಾಕಿ ಬಂದರಿಗೆ ಕಳುಹಿಸಿದರು. ಮುಂದೆ ಒಸಾಕಾದಲ್ಲಿ ವೈದ್ಯಕೀಯಕ್ಕೆ ಕಾಲಿಟ್ಟರೂ ಮನಸ್ಸು ರಸಾಯನಶಾಸ್ತ್ರದ ಕಡೆಗೆ ಹೋಯಿತು. ಟೋಕಿಯೋದಲ್ಲಿ ಹೊಸದಾಗಿ ತೆರೆದಿದ್ದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ 1879ರಲ್ಲಿ ಅನ್ವಯಿಕ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ಮರುವರ್ಷ ಸರ್ಕಾರವೇ ಅವರನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಉನ್ನತ ವ್ಯಾಸಂಗಕ್ಕೆ ಕಳುಹಿಸಿತು. 1883ರವರೆಗೆ ಅಲ್ಲಿದ್ದರು.

ಊರಿಗೆ ಮರಳಿದ ಅವರು ಕೃಷಿ ಮತ್ತು ವಾಣಿಜ್ಯ ಇಲಾಖೆಗೆ ಸೇರಿದರು. 1884ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹತ್ತಿಯ ದೊಡ್ಡ ವಸ್ತುಪ್ರದರ್ಶನ ನಡೆದಾಗ ಜಪಾನಿನ ಪ್ರತಿನಿಧಿಯಾಗಿ ಹೋದರು. ಆ ಪ್ರಯಾಣದಿಂದ ಎರಡು ಸಂಬಂಧಗಳು ಬೆಳೆದವು. ಒಂದು ರಂಜಕದ ಕಲ್ಲು. ಅದರಿಂದ ಗೊಬ್ಬರ ತಯಾರಿಸಬಹುದೆಂದು ಮನಗಂಡು 1887ರಲ್ಲಿ ಟೋಕಿಯೋದಲ್ಲಿ ಗೊಬ್ಬರದ ಕಂಪನಿ ಆರಂಭವಾಗಲು ಕಾರಣರಾದರು. ಇನ್ನೊಂದು ಕ್ಯಾರೊಲಿನ್ ಹಿಚ್ ಎಂಬ ಯುವತಿ. ಅದೇ 1887ರಲ್ಲಿ ಅವರಿಬ್ಬರ ಮದುವೆಯಾಯಿತು. ಜಪಾನಿನವರು ಅಮೆರಿಕದ ಹೆಣ್ಣನ್ನು ಮದುವೆಯಾಗುವುದು ಎರಡೂ ದೇಶಗಳಲ್ಲಿ ಜನ ಹುಬ್ಬೇರಿಸುವ ವಿಷಯವಾಗಿದ್ದ ಕಾಲ ಅದು.

ಬೆಂಕಿ ಮತ್ತು ಕಾಯಿಲೆ

1890ರಲ್ಲಿ ತಕಾಮಿನೆ ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಟರು. ಅಲ್ಲಿ ವಿಸ್ಕಿ ತಯಾರಕರು ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿಸಲು ಮೊಳಕೆ ಬರಿಸಿದ ಬಾರ್ಲಿಯನ್ನು ಬಳಸುತ್ತಿದ್ದರು. ಮೊಳಕೆ ಬರಲು ದಿನಗಳು ಬೇಕು, ಖರ್ಚೂ ಹೆಚ್ಚು. ಗೋಧಿಯ ತವುಡಿನ ಮೇಲೆ ಕೋಜಿ ಬೆಳೆಸಿದರೆ ಅದೇ ಕೆಲಸ ಬೇಗ ಮತ್ತು ಅಗ್ಗವಾಗಿ ಆಗುತ್ತದೆ ಎಂದು ತಕಾಮಿನೆ ತೋರಿಸಿದರು. ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿ ದೊಡ್ಡ ಕಂಪನಿಗಳ ಒಕ್ಕೂಟ ಅವರಿಗೆ ಕೆಲಸ ವಹಿಸಿತು.

ಬಾರ್ಲಿ ಮೊಳಕೆಯ ವ್ಯಾಪಾರದಲ್ಲಿದ್ದವರಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ವಿರೋಧ ಎದ್ದಿತು. ಒಂದು ದಿನ ಅವರ ಕೆಲಸ ನಡೆಯುತ್ತಿದ್ದ ಕಟ್ಟಡವೇ ಬೆಂಕಿಗೆ ಸುಟ್ಟುಹೋಯಿತು. ಯಾರಾದರೂ ಹಚ್ಚಿದರೇ ಎಂಬ ಅನುಮಾನ ಉಳಿಯಿತೇ ಹೊರತು ಸಾಬೀತಾಗಲಿಲ್ಲ. ಜೊತೆಗೆ ಯಕೃತ್ತಿನ ಕಾಯಿಲೆ ಅವರನ್ನು ಹಾಸಿಗೆ ಹಿಡಿಸಿತು. ಕೈಯಲ್ಲಿ ಹಣವಿಲ್ಲ, ಪರದೇಶ, ಚಿಕ್ಕ ಮಕ್ಕಳು. ಆ ದಿನಗಳಲ್ಲಿ ಸಂಸಾರವನ್ನು ಹಿಡಿದು ನಿಲ್ಲಿಸಿದವರು ಕ್ಯಾರೊಲಿನ್.

ವಿಸ್ಕಿಯ ಕನಸು ಮುರಿದರೂ ಕೋಜಿ ಅವರ ಕೈ ಬಿಡಲಿಲ್ಲ. ಆ ಬೂಷ್ಟಿನಿಂದ ಪಿಷ್ಟ ಒಡೆಯುವ ಕಿಣ್ವವನ್ನು ಪುಡಿಯಾಗಿ ಬೇರ್ಪಡಿಸಿ, 1894ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅಜೀರ್ಣಕ್ಕೆ ಔಷಧಿಯಾಗಿ ಅದು ಟಾಕಾ-ಡಯಾಸ್ಟೇಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಡೆಟ್ರಾಯಿಟ್ ನಗರದ ಪಾರ್ಕ್ ಡೇವಿಸ್ ಕಂಪನಿ ಅದನ್ನು ಮಾರಿತು. ತಕಾಮಿನೆಯವರ ಬದುಕು ಮತ್ತೆ ದಡ ಹತ್ತಿತು. ನ್ಯೂಯಾರ್ಕಿಗೆ ಬಂದು ಅಲ್ಲಿ ತಮ್ಮದೇ ಆದ ಒಂದು ಚಿಕ್ಕ ಪ್ರಯೋಗಾಲಯ ತೆರೆದರು.

ಗ್ರಂಥಿಯೊಳಗಿನ ರಹಸ್ಯ

ಅದೇ ಸಮಯದಲ್ಲಿ ಲಂಡನ್ನಿನಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಎಂಬ ಇಬ್ಬರು ಒಂದು ಸಂಗತಿಯನ್ನು ತೋರಿಸಿಕೊಟ್ಟಿದ್ದರು. ಅಡ್ರಿನಲ್ ಗ್ರಂಥಿಯ ರಸವನ್ನು ಪ್ರಾಣಿಯ ರಕ್ತನಾಳಕ್ಕೆ ಕೊಟ್ಟರೆ ರಕ್ತದೊತ್ತಡ ಒಮ್ಮೆಲೇ ಮೇಲೇರುತ್ತದೆ. 1894–95ರ ಈ ಪ್ರಯೋಗದ ನಂತರ ಆ ರಸದಲ್ಲಿರುವ ಶುದ್ಧ ವಸ್ತುವನ್ನು ಹಿಡಿಯಲು ಹಲವು ದೇಶಗಳಲ್ಲಿ ಓಟ ಶುರುವಾಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜಾನ್ ಏಬೆಲ್ ಅದರಲ್ಲಿ ಮುಂದಿದ್ದರು. 1897ರಲ್ಲಿ ಅವರು ಒಂದು ವಸ್ತುವನ್ನು ಬೇರ್ಪಡಿಸಿ ಎಪಿನೆಫ್ರಿನ್ ಎಂದು ಹೆಸರಿಟ್ಟರು. ಆದರೆ ಬೇರ್ಪಡಿಸುವಾಗ ಸೇರಿಸಿದ ಬೆಂಜಾಯಿಲ್ ಗುಂಪು ಅದಕ್ಕೆ ಅಂಟಿಕೊಂಡೇ ಉಳಿದಿತ್ತು. ಅಂದರೆ ಅದು ಗ್ರಂಥಿಯೊಳಗಿನ ಮೂಲ ವಸ್ತುವಾಗಿರಲಿಲ್ಲ.

ಪಾರ್ಕ್ ಡೇವಿಸ್ ಕಂಪನಿಯ ಆಸಕ್ತಿಯಿಂದ ತಕಾಮಿನೆಯವರೂ ಈ ಕೆಲಸಕ್ಕೆ ಕೈ ಹಾಕಿದರು. ಏಬೆಲ್ ಅವರ ಪ್ರಯೋಗಾಲಯಕ್ಕೂ ಭೇಟಿ ಕೊಟ್ಟು ಬಂದರು. ಆದರೆ ಹಲವು ತಿಂಗಳು ಕಳೆದರೂ ಫಲ ಸಿಗಲಿಲ್ಲ. ಆಗ ಜಪಾನಿನಿಂದ ಕೇಝೋ ಉಯೆನಾಕ ಎಂಬ ಯುವಕ ಬಂದು ಸೇರಿದರು. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಎಫೆಡ್ರಾ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದ ನಾಗಾಯಿ ನಾಗಾಯೋಶಿ ಅವರ ಬಳಿ ಕೆಲಸ ಕಲಿತಿದ್ದರು.

ಅವರ ಮುಂದಿದ್ದ ಕಷ್ಟ ಏನೆಂದು ನಮ್ಮ ಲ್ಯಾಬಿನ ಅನುಭವದಿಂದ ಊಹಿಸಬಹುದು. ಜಾನುವಾರುಗಳ ಗ್ರಂಥಿಗಳನ್ನು ಕೊಚ್ಚಿ ನೀರಿನಲ್ಲಿ ರಸ ತೆಗೆದರೆ ಬೇಕಾದ ವಸ್ತು ಬಹಳ ಕಡಿಮೆ, ಬೇಡದ ಪ್ರೋಟೀನ್ ಬಹಳ ಹೆಚ್ಚು. ಗಾಳಿಗೆ ತಾಗಿದರೆ ಬೇಕಾದ ವಸ್ತು ಕಂದಾಗಿ ಕೆಟ್ಟುಹೋಗುತ್ತದೆ. ಗುರುತು ಹಿಡಿಯಲು ಒಂದು ಪರೀಕ್ಷೆ ಇತ್ತು. ಫ್ರಾನ್ಸಿನ ವುಲ್ಪಿಯನ್ 1856ರಲ್ಲೇ ಕಂಡಂತೆ, ಆ ರಸಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರೆ ಹಸಿರು ಬಣ್ಣ ಬರುತ್ತದೆ. ಫೀನಾಲಿಗೆ ನಾವು ಅದೇ ಫೆರಿಕ್ ಕ್ಲೋರೈಡ್ ಹಾಕಿ ನೇರಳೆ ಬಣ್ಣ ನೋಡುತ್ತೇವಲ್ಲ, ಇದು ಅದರ ಹತ್ತಿರದ ನೆಂಟ.

ಉಯೆನಾಕ ರಸವನ್ನು ಗಟ್ಟಿಯಾಗಿಸಿ, ಆಲ್ಕೋಹಾಲ್ ಬಳಸಿ ಬೇಡದ್ದನ್ನು ಕೆಳಗಿಳಿಸಿ, ಉಳಿದ ದ್ರಾವಣಕ್ಕೆ ಅಮೋನಿಯ ಸೇರಿಸಿದರು. 1900ರ ಜುಲೈ ತಿಂಗಳಲ್ಲಿ ಪಾತ್ರೆಯ ತಳದಲ್ಲಿ ಸಣ್ಣ ಹರಳುಗಳು ಕಂಡವು. ಪರೀಕ್ಷೆ ಮಾಡಿದರು, ಹಸಿರು ಬಣ್ಣ ಬಂತು. ಅಷ್ಟು ವರ್ಷ ಎಲ್ಲರೂ ಹುಡುಕುತ್ತಿದ್ದ ವಸ್ತು ಹರಳಾಗಿ ಕೈಗೆ ಸಿಕ್ಕಿತ್ತು. ಹಾರ್ಮೋನು ಎಂಬ ಪದವೇ ಇನ್ನೂ ಹುಟ್ಟಿರಲಿಲ್ಲ. ಅದು ಬಳಕೆಗೆ ಬಂದದ್ದು 1905ರಲ್ಲಿ. ಹಾಗಾಗಿ ಶುದ್ಧ ರೂಪದಲ್ಲಿ ದೊರೆತ ಮೊದಲ ಹಾರ್ಮೋನು ಎಂಬ ಗೌರವ ಇದಕ್ಕೆ ಆಮೇಲೆ ಸಂದಿತು.

ತಕಾಮಿನೆ ಅದೇ ವರ್ಷ ಪೇಟೆಂಟಿಗೆ ಅರ್ಜಿ ಹಾಕಿದರು. 1901ರಲ್ಲಿ ವಿಜ್ಞಾನ ಜಗತ್ತಿಗೆ ತಿಳಿಸಿದರು. ಹೊಸ ವಸ್ತುವಿಗೆ ಅಡ್ರಿನಲಿನ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮೂತ್ರಪಿಂಡದ ಬಳಿ ಇರುವುದು. ಏಬೆಲ್ ಇಟ್ಟ ಎಪಿನೆಫ್ರಿನ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಮೂತ್ರಪಿಂಡದ ಮೇಲಿರುವುದು ಎಂದು ಅರ್ಥ. ಇಂದಿಗೂ ಅಮೆರಿಕದಲ್ಲಿ ಒಂದು ಹೆಸರು, ಬ್ರಿಟನ್ನಿನಲ್ಲಿ ಇನ್ನೊಂದು. ನಮ್ಮ ಪಠ್ಯಪುಸ್ತಕ ಎರಡನ್ನೂ ಕೊಟ್ಟು ನಮ್ಮನ್ನು ಗೊಂದಲಕ್ಕೆ ತಳ್ಳಲು ಕಾರಣ ಈ ಹಳೆಯ ಪೈಪೋಟಿ.

ಯಾರ ಹೆಸರು?

ಪೇಟೆಂಟಿನಲ್ಲಿ ಇದ್ದದ್ದು ತಕಾಮಿನೆಯವರ ಹೆಸರೊಂದೇ. ಲೇಖನಗಳ ಮೇಲೂ ಅವರದೇ ಹೆಸರು. ಮೊದಲ ಹರಳನ್ನು ಕಂಡ ಉಯೆನಾಕರ ಪಾಲು ಎಷ್ಟೆಂಬುದು ಜಗತ್ತಿಗೆ ಸ್ಪಷ್ಟವಾಗಿ ತಿಳಿದದ್ದು ಬಹಳ ವರ್ಷಗಳ ನಂತರ, ಅವರು ಪ್ರತಿದಿನ ಬರೆದಿಟ್ಟಿದ್ದ ಪ್ರಯೋಗದ ಪುಸ್ತಕ ಬೆಳಕಿಗೆ ಬಂದಾಗ. ಇದನ್ನು ಓದಿದಾಗ ನನಗೆ ತಕಾಮಿನೆಯವರ ಮೇಲೆ ಸ್ವಲ್ಪ ಬೇಸರವಾಯಿತು. ಗುರಿಯನ್ನು ಆರಿಸಿದವರು, ಹಣ ಹೂಡಿದವರು, ಕಂಪನಿಯನ್ನು ಒಪ್ಪಿಸಿದವರು ತಕಾಮಿನೆ, ನಿಜ. ಆದರೆ ಪಾತ್ರೆಯ ಮುಂದೆ ನಿಂತಿದ್ದ ಕೈಗಳು ಇನ್ನೊಬ್ಬರವು. ದೊಡ್ಡವರ ಬದುಕನ್ನು ಬರೆಯುವಾಗ ಇದನ್ನು ಬಿಟ್ಟುಬಿಡುವುದು ನ್ಯಾಯವಲ್ಲ ಎಂದು ನನ್ನ ಭಾವನೆ. ನಮ್ಮ ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು ನಾವು ಎಷ್ಟು ಗೊಣಗುತ್ತೇವೆ! ಉಯೆನಾಕರಿಗೆ ನ್ಯಾಯ ಕೊಡಿಸಿದ್ದು ಅಂಥದೇ ಒಂದು ರೆಕಾರ್ಡ್.

ಪೇಟೆಂಟಿನ ಬಗ್ಗೆ ನ್ಯಾಯಾಲಯದಲ್ಲೂ ಜಗಳ ನಡೆಯಿತು. ದೇಹದಲ್ಲೇ ಇರುವ ವಸ್ತುವಿಗೆ ಒಬ್ಬರು ಹೇಗೆ ಹಕ್ಕುದಾರರಾಗುತ್ತಾರೆ ಎಂಬುದು ಪ್ರಶ್ನೆ. 1911ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ತಕಾಮಿನೆಯವರ ಪೇಟೆಂಟನ್ನು ಎತ್ತಿಹಿಡಿದರು. ಶುದ್ಧ ಮಾಡಿದ ವಸ್ತು ಬಳಕೆಯ ದೃಷ್ಟಿಯಿಂದ ಹೊಸದೇ ಎಂಬುದು ಆ ತೀರ್ಪಿನ ತಿರುಳು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮನುಷ್ಯರ ಜೀನ್‌ಗಳ ವಿಷಯದಲ್ಲಿ ಬೇರೆ ದಾರಿ ಹಿಡಿದು, ದೇಹದಿಂದ ಬೇರ್ಪಡಿಸಿದ ಮಾತ್ರಕ್ಕೆ ಡಿಎನ್ಎಗೆ ಪೇಟೆಂಟ್ ಸಿಗದು ಎಂದಿತು. ನೂರು ವರ್ಷವಾದರೂ ವಾದ ಮುಗಿದಿರಲಿಲ್ಲ.

ಅಡ್ರಿನಲಿನ್ ಆಸ್ಪತ್ರೆಗಳಿಗೆ ಬಂತು. ಮೂಗು, ಕಣ್ಣುಗಳ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಲು, ಮರಗಟ್ಟಿಸುವ ಔಷಧದ ಪರಿಣಾಮ ಹೆಚ್ಚು ಹೊತ್ತು ಉಳಿಯಲು, ಉಬ್ಬಸ ಕಡಿಮೆ ಮಾಡಲು ವೈದ್ಯರು ಅದನ್ನು ಬಳಸಿದರು. ರಕ್ತದೊತ್ತಡ ಕುಸಿದವರಿಗೂ ಕೊಟ್ಟು ನೋಡತೊಡಗಿದರು. 1904ರಲ್ಲಿ ಜರ್ಮನಿಯ ಫ್ರೀಡ್ರಿಶ್ ಶ್ಟೋಲ್ಸ್ ಅದನ್ನು ಪ್ರಯೋಗಾಲಯದಲ್ಲೇ ಕೃತಕವಾಗಿ ತಯಾರಿಸಿದರು. ಆದರೂ ಗ್ರಂಥಿಯಿಂದ ತೆಗೆದ ಅಡ್ರಿನಲಿನ್ ದಶಕಗಳ ಕಾಲ ಮಾರಾಟವಾಗುತ್ತಿತ್ತು.

ಚೆರ್ರಿ ಮರಗಳು

ತಕಾಮಿನೆ ಈಗ ಶ್ರೀಮಂತರು. ಆ ಹಣವನ್ನು ಎರಡು ದೇಶಗಳನ್ನು ಹತ್ತಿರ ತರಲು ಖರ್ಚು ಮಾಡಿದರು. ವಾಷಿಂಗ್ಟನ್ ನಗರದಲ್ಲಿ ಪ್ರತಿ ವಸಂತದಲ್ಲೂ ಅರಳುವ ಚೆರ್ರಿ ಹೂಗಳ ಚಿತ್ರವನ್ನು ನೀವು ನೋಡಿರಬಹುದು. ಆ ಮರಗಳ ಹಿಂದೆ ಅವರ ಹಣವೂ ಒತ್ತಾಸೆಯೂ ಇದೆ. ಟೋಕಿಯೋ ನಗರದ ಹೆಸರಿನಲ್ಲಿ ಕಳುಹಿಸಿದ ಮೊದಲ 2,000 ಸಸಿಗಳಿಗೆ ಹುಳ ಮತ್ತು ರೋಗ ತಗುಲಿದ್ದರಿಂದ 1910ರಲ್ಲಿ ಅವನ್ನು ಸುಡಬೇಕಾಯಿತು. ಯಾರೂ ಮುನಿಸಿಕೊಳ್ಳದೆ ಮತ್ತೆ ಸಸಿ ಬೆಳೆಸಿ, 1912ರಲ್ಲಿ 3,020 ಸಸಿಗಳನ್ನು ಕಳುಹಿಸಿದರು. ಅವು ಬೇರೂರಿದವು.

ಸ್ವದೇಶವನ್ನೂ ಅವರು ಮರೆಯಲಿಲ್ಲ. 1913ರಲ್ಲಿ ಸಾಂಕ್ಯೋ ಔಷಧ ಕಂಪನಿಯ ಮೊದಲ ಅಧ್ಯಕ್ಷರಾದರು. ಪರರ ವಿದ್ಯೆಯನ್ನು ನಕಲು ಮಾಡಿದರೆ ಸಾಲದು, ಜಪಾನಿನಲ್ಲೇ ಮೂಲ ಸಂಶೋಧನೆ ನಡೆಯಬೇಕು ಎಂದು ಒತ್ತಾಯಿಸಿದರು. 1917ರಲ್ಲಿ ಹುಟ್ಟಿದ ರಿಕೆನ್ ಸಂಶೋಧನಾ ಸಂಸ್ಥೆಗೆ ಆ ಒತ್ತಾಯವೂ ಒಂದು ಕಾರಣ.

ಇಷ್ಟೆಲ್ಲ ಆದರೂ, ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದ ಅಮೆರಿಕದ ಪೌರತ್ವ ಅವರಿಗೆ ಸಿಗುವಂತಿರಲಿಲ್ಲ. ಜಪಾನಿನಲ್ಲಿ ಹುಟ್ಟಿದವರಿಗೆ ಅಲ್ಲಿನ ಕಾನೂನು ಆ ಬಾಗಿಲನ್ನು ಮುಚ್ಚಿತ್ತು. 1922ರ ಜುಲೈ 22ರಂದು, 67ನೇ ವಯಸ್ಸಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಓಝಾವಾ ಎಂಬ ಇನ್ನೊಬ್ಬ ಜಪಾನಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿಯೇ ಇರಲಿ ಎಂದು ತೀರ್ಪು ಕೊಟ್ಟಿತು. ತಕಾಮಿನೆಯವರ ಸಮಾಧಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ವುಡ್‌ಲಾನ್ ಸ್ಮಶಾನದಲ್ಲಿದೆ.

ಸೀಸೆಯೊಳಗಿನ ಇನ್ನೊಂದು

ಸಾಮಾನ್ಯವಾಗಿ ಜೀವನಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ಆದರೆ ಉಪ್ಪನ ಹಾಸಿಗೆಯ ಪಕ್ಕದ ಚೀಟಿಯಲ್ಲಿದ್ದದ್ದು ಅಡ್ರಿನಲಿನ್ ಅಲ್ಲ, ನಾರ್‌ಅಡ್ರಿನಲಿನ್. ಅದರ ಕಥೆ ತಕಾಮಿನೆ ತೀರಿಕೊಂಡ ಮೇಲೆ ಬಿಚ್ಚಿಕೊಂಡಿತು.

1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ನಮ್ಮ ನರಗಳ ತುದಿಯಿಂದ ಹೊರಬರುವ ವಸ್ತು ನಾರ್‌ಅಡ್ರಿನಲಿನ್ ಎಂದು ತೋರಿಸಿದರು. ಈ ಕೆಲಸಕ್ಕೆ 1970ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ರಚನೆಯಲ್ಲಿ ಅದಕ್ಕೂ ಅಡ್ರಿನಲಿನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. 1940ರ ದಶಕದ ಕೊನೆಯಲ್ಲಿ, ಗ್ರಂಥಿಯಿಂದ ತೆಗೆದು ಮಾರುತ್ತಿದ್ದ ಅಡ್ರಿನಲಿನ್ ಅನ್ನು ಹೊಸ ವಿಧಾನಗಳಿಂದ ಪರೀಕ್ಷಿಸಿದಾಗ ಅದರಲ್ಲಿ ನಾರ್‌ಅಡ್ರಿನಲಿನ್ ಕೂಡ ಬೆರೆತಿರುವುದು ಗೊತ್ತಾಯಿತು. ಶುದ್ಧವೆಂದು ಹೆಸರಾದ, ಶುದ್ಧವೆಂಬ ಕಾರಣಕ್ಕೇ ನ್ಯಾಯಾಲಯದಲ್ಲಿ ಗೆದ್ದ ಔಷಧದಲ್ಲಿ ಇಬ್ಬರು ಸೋದರರು ಒಟ್ಟಿಗೆ ಇದ್ದರು. ಸುಮಾರು ಐವತ್ತು ವರ್ಷ ಯಾರೂ ಅವರನ್ನು ಬೇರೆ ಬೇರೆಯಾಗಿ ಗುರುತಿಸಿರಲಿಲ್ಲ. ಇದು ತಕಾಮಿನೆ, ಉಯೆನಾಕರ ತಪ್ಪಲ್ಲ. ಅವರ ಕಾಲದ ಪರೀಕ್ಷೆಗಳಿಗೆ ಈ ಇಬ್ಬರನ್ನು ಬಿಡಿಸಿ ನೋಡುವ ಶಕ್ತಿ ಇರಲಿಲ್ಲ.

ಆ ಒಂದು ಮೀಥೈಲ್ ಗುಂಪಿನ ವ್ಯತ್ಯಾಸ ರೋಗಿಗೆ ಬಹಳ ದೊಡ್ಡದು. 1948ರಲ್ಲಿ ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ದೇಹದಲ್ಲಿ ಈ ವಸ್ತುಗಳನ್ನು ಹಿಡಿಯುವ ಎರಡು ಬಗೆಯ ಗ್ರಾಹಕಗಳಿವೆ ಎಂದು ವಿವರಿಸಿ, ಅವಕ್ಕೆ ಆಲ್ಫಾ ಮತ್ತು ಬೀಟಾ ಎಂದು ಹೆಸರಿಟ್ಟರು. ಆಲ್ಫಾ ಕೆಲಸ ಮಾಡಿದರೆ ರಕ್ತನಾಳಗಳು ಬಿಗಿಯಾಗಿ ಒತ್ತಡ ಏರುತ್ತದೆ. ಹೃದಯದಲ್ಲಿರುವ ಬೀಟಾ ಕೆಲಸ ಮಾಡಿದರೆ ಬಡಿತದ ವೇಗವೂ ಬಲವೂ ಹೆಚ್ಚುತ್ತದೆ. ನಾರ್‌ಅಡ್ರಿನಲಿನ್ ಮುಖ್ಯವಾಗಿ ನಾಳಗಳನ್ನು ಬಿಗಿ ಮಾಡಿ, ಹೃದಯವನ್ನು ಸ್ವಲ್ಪ ಮಾತ್ರ ತಟ್ಟುತ್ತದೆ. ಅಡ್ರಿನಲಿನ್ ಎರಡನ್ನೂ ಜೋರಾಗಿ ಮಾಡುತ್ತದೆ. 1970ರ ದಶಕದಲ್ಲಿ ರೂಪಿಸಿದ ಡೊಬುಟಮಿನ್ ಹೆಚ್ಚಾಗಿ ಹೃದಯದ ಬಲವನ್ನು ಹೆಚ್ಚಿಸುತ್ತದೆ.

ಹಾಗಾದರೆ ಸೋತ ಹೃದಯಕ್ಕೆ ಅತಿ ಬಲವಾದ ಅಡ್ರಿನಲಿನ್ ಕೊಟ್ಟರೆ ಒಳ್ಳೆಯದಲ್ಲವೇ? ನಾನೂ ಹಾಗೆಯೇ ಯೋಚಿಸಿದ್ದೆ. ಡಾಕ್ಟರು ತಾಳ್ಮೆಯಿಂದ ತಿಳಿಸಿದರು. ಹೊರೆ ಎಳೆದು ದಣಿದ ಎತ್ತಿಗೆ ಚಾಟಿ ಬೀಸಿದರೆ ಅದು ನಾಲ್ಕು ಹೆಜ್ಜೆ ಓಡಬಹುದು, ಆಮೇಲೆ ಬೀಳುತ್ತದೆ. ಹೃದಯ ವೇಗವಾಗಿ ಬಡಿದಷ್ಟೂ ಅದಕ್ಕೇ ಹೆಚ್ಚು ಆಮ್ಲಜನಕ ಬೇಕು, ಲಯ ತಪ್ಪುವ ಅಪಾಯವೂ ಹೆಚ್ಚು. 2018ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ, ಹೃದಯಾಘಾತದ ನಂತರ ಶಾಕ್‌ಗೆ ಒಳಗಾದ 57 ರೋಗಿಗಳಲ್ಲಿ ಕೆಲವರಿಗೆ ಅಡ್ರಿನಲಿನ್, ಉಳಿದವರಿಗೆ ನಾರ್‌ಅಡ್ರಿನಲಿನ್ ಕೊಟ್ಟು ಹೋಲಿಸಿದರು. ಅಡ್ರಿನಲಿನ್ ಪಡೆದವರಲ್ಲಿ ಯಾವ ಔಷಧಕ್ಕೂ ಬಗ್ಗದ ಶಾಕ್ ಹೆಚ್ಚಾಗಿ ಕಂಡದ್ದರಿಂದ ಅಧ್ಯಯನವನ್ನು ಅರ್ಧದಲ್ಲೇ ನಿಲ್ಲಿಸಿದರು. ಅದಕ್ಕೂ ಮುಂಚೆ, 2010ರಲ್ಲಿ, ಬೇರೆ ಬೇರೆ ಬಗೆಯ ಶಾಕ್ ಇದ್ದ 1,679 ರೋಗಿಗಳ ಅಧ್ಯಯನವೊಂದು ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಹೋಲಿಸಿತ್ತು. ಅದರಲ್ಲಿ ಕಾರ್ಡಿಯೋಜೆನಿಕ್ ಶಾಕ್ ಇದ್ದ 280 ಮಂದಿಯಲ್ಲಿ ಡೋಪಮಿನ್ ಪಡೆದವರ ಸಾವು ಹೆಚ್ಚಿತ್ತು. ಉಪ್ಪನ ಪಂಪಿನ ಮೇಲೆ ನಾರ್‌ಅಡ್ರಿನಲಿನ್ ಎಂಬ ಚೀಟಿ ಬರಲು ಇಂಥ ಲೆಕ್ಕಗಳೇ ಕಾರಣ.

ಆದರೆ ಈ ಔಷಧಗಳು ಮುಚ್ಚಿದ ನಾಳವನ್ನು ತೆರೆಯುವುದಿಲ್ಲ, ಸತ್ತ ಸ್ನಾಯುವನ್ನು ಬದುಕಿಸುವುದಿಲ್ಲ. ಅವು ಸಮಯ ಕೊಡುತ್ತವೆ, ಅಷ್ಟೇ. 1999ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ 302 ರೋಗಿಗಳ ಪೈಕಿ, ಬೇಗನೆ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಮೂಲಕ ನಾಳಗಳಿಗೆ ದಾರಿ ಮಾಡಿಕೊಟ್ಟವರ ಗುಂಪಿನಲ್ಲಿ ಆರು ತಿಂಗಳ ನಂತರ ನೂರಕ್ಕೆ ಸುಮಾರು 50 ಮಂದಿ ಸತ್ತಿದ್ದರು. ಮೊದಲು ಔಷಧಗಳಿಂದಲೇ ಸ್ಥಿರಗೊಳಿಸಲು ನೋಡಿದವರ ಗುಂಪಿನಲ್ಲಿ ಸುಮಾರು 63. ಬೇಗ ಬಂದರೆ, ಬೇಗ ತೆರೆದರೆ ಲಾಭ. ಹಾಗಿದ್ದರೂ ಅಪಾಯ ಎಷ್ಟು ದೊಡ್ಡದೆಂದು ಆ ಮೊದಲ ಸಂಖ್ಯೆಯೇ ಹೇಳುತ್ತದೆ.

ಐಸಿಯುವಿನಲ್ಲಿ ನಾನು ಅದನ್ನು ಕಣ್ಣಾರೆ ಕಂಡೆ. ಉಪ್ಪನ ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬರಿದ್ದರು. ಅವರಿಗೂ ಅದೇ ಕಾಯಿಲೆ, ಅದೇ ಎರಡು ಪಂಪುಗಳು, ಅದೇ ಚೀಟಿಗಳು. ಅವರ ಮಗಳು ಹೊರಗಿನ ಬೆಂಚಿನಲ್ಲಿ ನಮ್ಮ ಉಮ್ಮನ ಪಕ್ಕದಲ್ಲೇ ಕೂರುತ್ತಿದ್ದಳು. ಒಬ್ಬರು ತಂದ ಚಹಾವನ್ನು ಇನ್ನೊಬ್ಬರು ಹಂಚಿಕೊಳ್ಳುತ್ತಿದ್ದರು. ಮೂರನೆಯ ರಾತ್ರಿ ಅವರು ತೀರಿಕೊಂಡರು. ಬೆಳಿಗ್ಗೆ ಆ ಬೆಂಚಿನಲ್ಲಿ ಉಮ್ಮ ಒಬ್ಬರೇ ಕುಳಿತಿದ್ದರು.

ಉಪ್ಪನ ಪಂಪಿನ ಸಂಖ್ಯೆಯನ್ನು ಸಿಸ್ಟರ್ ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದರು. ಇಳಿಸುವುದು, ಒತ್ತಡ ನೋಡುವುದು, ಬೇಕಾದರೆ ಮತ್ತೆ ಏರಿಸುವುದು. ಆರನೆಯ ದಿನ ಎರಡೂ ಪಂಪುಗಳನ್ನು ನಿಲ್ಲಿಸಿ ಪಕ್ಕಕ್ಕೆ ಸರಿಸಿದರು. ಉಪ್ಪನ ಹೃದಯ ಮೊದಲಿನಷ್ಟು ಬಲವಾಗಿ ಇಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾರೆ. ಮಾತ್ರೆಗಳ ಡಬ್ಬಿಯನ್ನು ತುಂಬಿಸುವ ಕೆಲಸ ಈಗ ನನ್ನದು.

ನಾನು ಇದನ್ನು ಬರೆದದ್ದು ಎರಡು ಮಾತು ಹೇಳಲು. ಮೊದಲನೆಯದು ಮನೆಗೆ ಸಂಬಂಧಿಸಿದ್ದು. ಮನೆಯಲ್ಲಿ ದೊಡ್ಡವರಿಗೆ ಎದೆ ಉರಿ, ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು, ಕಾರಣವಿಲ್ಲದ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ನೀವೇ ತೀರ್ಮಾನಿಸಬೇಡಿ. ತಕ್ಷಣ ಇಸಿಜಿ ಮಾಡುವ ಜಾಗಕ್ಕೆ ಕರೆದುಕೊಂಡು ಹೋಗಿ. ಗ್ಯಾಸ್ಟ್ರಿಕ್ ಆಗಿದ್ದರೆ ನಷ್ಟವೇನೂ ಇಲ್ಲ.

ಎರಡನೆಯದು ನಮ್ಮ ಲ್ಯಾಬಿಗೆ ಸಂಬಂಧಿಸಿದ್ದು. ಹರಳು ಸಿಕ್ಕಿತು, ಬಣ್ಣ ಬಂತು, ಹೆಸರೂ ಇಟ್ಟಾಯಿತು ಎಂದ ಮೇಲೂ ಯಾರೋ ಒಬ್ಬರು ಮತ್ತೆ ಪರೀಕ್ಷಿಸಿದ್ದರಿಂದಲೇ ಒಂದು ಸೀಸೆಯಲ್ಲಿ ಎರಡು ಔಷಧ ಇರುವುದು ತಿಳಿಯಿತು. ತಿಳಿದದ್ದರಿಂದ ಯಾರಿಗೆ ಯಾವುದನ್ನು ಕೊಡಬೇಕೆಂಬುದೂ ತಿಳಿಯಿತು. ಮುಂದಿನ ವಾರ ನಮಗೆ ಫೀನಾಲ್ ಪರೀಕ್ಷೆಯ ಪ್ರಾಕ್ಟಿಕಲ್ ಇದೆ. ಫೆರಿಕ್ ಕ್ಲೋರೈಡಿನ ಹನಿ ಹಾಕಿ ಬಣ್ಣ ಕಾಣುವಾಗ ನಾನು ಉಯೆನಾಕರ ಪುಸ್ತಕವನ್ನು ನೆನೆಯುತ್ತೇನೆ. ನನ್ನ ರೆಕಾರ್ಡನ್ನು ಅಂದೇ ಬರೆದು ಮುಗಿಸುತ್ತೇನೆ.